ಕೊಡಗಿನ ಮಳೆಗೆ ಕುರಿತೊಗಲು ತಡೆದೀತೇ?

ಪ್ರಶ್ನೆ: ನಾಪೋಕ್ಲು ಬಳಿಯ ನಮ್ಮ ಕಾಫಿ ತೋಟದಲ್ಲಿ ಹೋಂಸ್ಟೇಗೆಂದು ಎರಡು ಕೋಣೆ ಕಟ್ಟಿಸಿದ್ದೇವೆ. ಕಳೆದ ಡಿಸೆಂಬರಿನಲ್ಲಿ ಆನ್‌ಲೈನಿನಲ್ಲಿ ಎರಡು ಬಿಳಿ ಕುರಿತೊಗಲು ತರಿಸಿ ಒಂದನ್ನು ರೆಡ್ ಆಕ್ಸೈಡ್ ನೆಲಕ್ಕೆ ಹಾಸಿದೆ, ಇನ್ನೊಂದನ್ನು ಪಡುವಣ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಮೇ ತಿಂಗಳವರೆಗೆ ಚೆನ್ನಾಗಿದ್ದವು. ಜುಲೈನಲ್ಲಿ ನೋಡಿದರೆ ನೆಲದ್ದು ಹಸಿಹಸಿ, ಅಡಿಯಲ್ಲಿ ಬೂದು-ಹಸಿರು ಬೂಷ್ಟು, ಕೋಣೆಯ ಬಾಗಿಲು ತೆಗೆದರೆ ಒದ್ದೆ ನಾಯಿಯ ವಾಸನೆ. ಗೋಡೆಯದ್ದರಲ್ಲಿ ಅಲ್ಲಲ್ಲಿ ಕೂದಲುದುರಿ ಬೋಳಾಗಿದೆ. ಅತ್ತೆಯವರು ನುಸಿಗುಳಿಗೆ (ನ್ಯಾಫ್ತಲಿನ್ ಗುಂಡು) ಹಾಕು ಅನ್ನುತ್ತಾರೆ. ಪಕ್ಕದ ತೋಟದವರು ಒಲೆಯ ಮೇಲಿನ ಅಟ್ಟದಲ್ಲಿಡಿ ಅನ್ನುತ್ತಾರೆ. ಮಟನ್ ಅಂಗಡಿಯಿಂದ ಹಸಿ ತೊಗಲು ತಂದು ಉಪ್ಪು, ಪಟಿಕ ಹಾಕಿ ನಾವೇ ಹದ ಮಾಡಿಕೊಂಡರೆ ಖರ್ಚು ಉಳಿಯುತ್ತದೆಯೇ? ಇನ್ನೊಂದು ವಿಷಯ: ಯಜಮಾನರ ಐನ್‌ಮನೆಯ ಪೆಟ್ಟಿಗೆಯಲ್ಲಿ ಅವರ ತಾತನ ಕಾಲದ ಚಿರತೆ ಚರ್ಮವಿದೆ. ಅದನ್ನು ಹಾಲಿನಲ್ಲಿ ಹಾಕಬಹುದೇ? ಈ ಗೋಜೇ ಬೇಡವೆಂದು ನಕಲಿ ಫರ್ ತಂದುಬಿಡಲೇ?

ಉತ್ತರ: ನೀವು ಕೇಳಿರುವುದು ಐದಾರು ಪ್ರಶ್ನೆ, ಆದರೆ ಚಿಂತೆ ಒಂದೇ: ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ತೊಗಲು ಉಳಿಯುತ್ತದೆಯೇ? ಉಳಿಯುತ್ತದೆ. ಆದರೆ ಅದನ್ನು ಯಾವ ಬಗೆಯಲ್ಲಿ ಹದ ಮಾಡಿದ್ದಾರೆ, ಅದರ ಬೆನ್ನಿಗೆ ಗಾಳಿಯಾಡುತ್ತದೆಯೇ ಎಂಬ ಎರಡು ಸಂಗತಿಗಳ ಮೇಲೆ ಎಲ್ಲವೂ ನಿಂತಿದೆ. ನಿಮ್ಮ ಎರಡು ತೊಗಲುಗಳಿಗೂ ಗಾಳಿ ಸಿಕ್ಕಿಲ್ಲ. ಹದವೂ ಸರಿಯಿರಲಿಲ್ಲವೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು, ಕೆಳಗೆ ಹೇಳುತ್ತೇನೆ.

ಅದಕ್ಕೂ ಮೊದಲು ಚಿರತೆ ಚರ್ಮದ ಮಾತು, ಏಕೆಂದರೆ ಅದು ತಡಮಾಡುವ ವಿಷಯವಲ್ಲ. ದಯವಿಟ್ಟು ಅದನ್ನು ಹಾಲಿನಲ್ಲಿ ಹಾಕಬೇಡಿ, ಫೋಟೊ ತೆಗೆದು ಹೋಂಸ್ಟೇ ಜಾಹೀರಾತಿಗೆ ಬಳಸಬೇಡಿ, ಯಾರಿಗೂ ಮಾರಬೇಡಿ, ಕೊಡಬೇಡಿ. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಪಟ್ಟಿಯ, ಪ್ರಾಣಿ. ‘ತಾತನ ಕಾಲದ್ದು, ಆಗ ಕಾನೂನೇ ಇರಲಿಲ್ಲ’ ಎಂಬ ಮಾತು ಕೊಡಗಿನ ಮನೆಗಳಲ್ಲಿ ಬಹಳ ಕೇಳಿಬರುತ್ತದೆ. ಅದರಲ್ಲಿ ಅರ್ಧ ಮಾತ್ರ ಸತ್ಯ. ಕಾಯ್ದೆ ಬಂದಾಗ ಮನೆಯಲ್ಲಿದ್ದದ್ದನ್ನು ಘೋಷಿಸಿ ಮಾಲೀಕತ್ವದ ಪ್ರಮಾಣಪತ್ರ ಪಡೆಯಬೇಕಿತ್ತು. ತಪ್ಪಿಸಿಕೊಂಡವರಿಗೆ 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ಕೊಟ್ಟಿತ್ತು. 2024ರ ಆರಂಭದಲ್ಲಿ ನಮ್ಮ ರಾಜ್ಯ ಸರ್ಕಾರವೂ ಇಂಥವನ್ನು ಒಪ್ಪಿಸಲು ಮೂರು ತಿಂಗಳ ಗಡುವು ಪ್ರಕಟಿಸಿತ್ತು. ಪ್ರಮಾಣಪತ್ರವಿದ್ದರೂ ಮಾರುವಂತಿಲ್ಲ. ವಾರಸುದಾರಿಕೆಯಲ್ಲಿ ಬಂದದ್ದನ್ನು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಪತ್ರವಿಲ್ಲದೆ ಕೈಯಲ್ಲಿದ್ದರೆ ಅದು ಅಕ್ರಮವಲ್ಲವೆಂದು ತೋರಿಸುವ ಹೊಣೆ ಇಟ್ಟುಕೊಂಡವರ ಮೇಲೆಯೇ ಬೀಳುತ್ತದೆ. ಒಂದನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ.

ಆದ್ದರಿಂದ ಮನೆಯ ಹಳೆಯ ಕಾಗದಪತ್ರಗಳಲ್ಲಿ ಪ್ರಮಾಣಪತ್ರ ಇದೆಯೇ ಎಂದು ಹುಡುಕಿ. ಇದ್ದರೆ ಅದು ಯಾರ ಹೆಸರಿನಲ್ಲಿದೆ ನೋಡಿ. ಇಲ್ಲದಿದ್ದರೆ ಮೊದಲು ವಕೀಲರನ್ನು ಕಂಡು, ಅವರ ಮೂಲಕವೇ ಅರಣ್ಯ ಇಲಾಖೆಗೆ ಹೋಗಿ. ಪ್ರಮಾಣಪತ್ರ ಇರುವವರು ತಾವಾಗಿಯೇ ಒಪ್ಪಿಸುವುದಕ್ಕೆ 2022ರ ತಿದ್ದುಪಡಿಯಲ್ಲಿ ದಾರಿಯಿದೆ, ಅದಕ್ಕೆ ಪರಿಹಾರ ಧನ ಸಿಗುವುದಿಲ್ಲ. ಆರೋಗ್ಯದ ಮಾತೂ ಒಂದಿದೆ. ಹಿಂದೆ ಶಿಕಾರಿ ಚರ್ಮ ಮತ್ತು ತಲೆಗಳನ್ನು ಹುಳ ತಿನ್ನದಿರಲೆಂದು ಆರ್ಸೆನಿಕ್ ಸೋಪು ಹಚ್ಚುತ್ತಿದ್ದರು. ಆರ್ಸೆನಿಕ್ ಕಾಲಕ್ರಮದಲ್ಲಿ ಆರಿಹೋಗುವ ವಸ್ತುವಲ್ಲ. ಪೆಟ್ಟಿಗೆ ತೆಗೆಯಲೇಬೇಕಾದರೆ ಕೈಗವಸು, ಎನ್95 ಮಾಸ್ಕ್ ಇರಲಿ. ಚರ್ಮವನ್ನು ಕೊಡವಬೇಡಿ, ಬಡಿಯಬೇಡಿ, ಮಕ್ಕಳು ಮುಟ್ಟುವುದು ಬೇಡ.

ಈಗ ಕುರಿತೊಗಲಿಗೆ ಬರೋಣ.

ಗಾಳಿಯ ತೇವಾಂಶ ಶೇ. 65–70 ದಾಟಿ ಕೆಲವು ದಿನ ಹಾಗೇ ನಿಂತರೆ ತೊಗಲಿನ ಮೇಲೆ ಬೂಷ್ಟು ಬೆಳೆಯಲು ಅಷ್ಟು ಸಾಕು. ನಿಮ್ಮ ಕಡೆ ಕಕ್ಕಡ ಮಾಸದಲ್ಲಿ (ಜುಲೈ–ಆಗಸ್ಟ್) ಅದು ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಇಡೀ ಕೋಣೆಗೆ ಒಂದೇ ಲೆಕ್ಕವಾದರೆ, ನೆಲದ ತೊಗಲೇ ಏಕೆ ಮೊದಲು ಕೆಟ್ಟಿತು? ಉಣ್ಣೆ ಶಾಖವನ್ನು ತಡೆಯುತ್ತದೆ. ಕೋಣೆಯ ಬಿಸಿ ನೆಲಕ್ಕೆ ಇಳಿಯದೆ ತೊಗಲಿನ ಅಡಿಯ ಸಿಮೆಂಟು ತಣ್ಣಗೇ ಉಳಿಯುತ್ತದೆ. ತಣ್ಣನೆಯ ಮೈಗೆ ತಾಗಿದ ಗಾಳಿಯ ತೇವಾಂಶ ಏರುತ್ತದೆ. ಇದರ ಮೇಲೆ ನೆಲದೊಳಗಿನಿಂದ ಸಿಮೆಂಟಿನ ಮೂಲಕ ಮೇಲೇರುವ ಥಂಡಿ ಬೇರೆ. ಕೋಣೆಯ ನಡುವೆ ಶೇ. 75 ಇರುವಾಗ ತೊಗಲಿನ ಅಡಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಜಾರದಿರಲೆಂದು ಕೆಳಗೆ ರಬ್ಬರ್ ಮ್ಯಾಟ್ ಇಟ್ಟಿದ್ದರೆ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಗೋಡೆಯದ್ದೂ ಇದೇ ಕಥೆ. ನೈಋತ್ಯ ಮುಂಗಾರಿನ ಇರಿಚಲು ನೇರ ಬಡಿಯುವುದು ಪಡುವಣ ಗೋಡೆಗೆ. ಹೊರಗಿನಿಂದ ತೇವ ಕುಡಿದ ಗಾರೆಗೆ ತೊಗಲಿನ ಬೆನ್ನು ಒತ್ತಿಕೊಂಡಿತ್ತು. ಗಿಡದ ಚಕ್ಕೆಯಲ್ಲಿ ಹದ ಮಾಡಿದ ತೊಗಲಾಗಿದ್ದರೆ ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಲೆಯೂ ಬಂದಿರುತ್ತದೆ. ಚಕ್ಕೆಯ ಒಗರಿನ ಜೊತೆ ಕಬ್ಬಿಣ ಸೇರಿದರೆ ಶಾಯಿಯಂಥ ಕಪ್ಪು ಹುಟ್ಟುತ್ತದೆ, ಅದು ಹೋಗುವುದಿಲ್ಲ.

ಹದದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಾರುವವರು ಹೇಳದೆ ಬಿಡುವುದು ಇದನ್ನೇ. ಉಣ್ಣೆ ಸಹಿತ ತೊಗಲನ್ನು ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಹದ ಮಾಡುತ್ತಾರೆ: ಕ್ರೋಮ್ (ಕ್ರೋಮಿಯಂ ಲವಣ), ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ, ಗಿಡದ ಚಕ್ಕೆ, ಪಟಿಕ. ಮೊದಲ ಎರಡರಲ್ಲಿ ಹದದ ವಸ್ತು ತೊಗಲಿನ ನಾರಿಗೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ, ಒಗೆದರೂ ಬಿಡುವುದಿಲ್ಲ. ಹಾಸಿಗೆ ಹಿಡಿದ ರೋಗಿಗಳಿಗೆ ಹುಣ್ಣಾಗದಿರಲೆಂದು ಕೊಡುವ ಒಗೆಯಬಲ್ಲ ಕುರಿತೊಗಲು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್ ಹದದ್ದು. ತಂಗಡಿ ಚಕ್ಕೆ, ಜಾಲಿ ಚಕ್ಕೆ, ಅಳಲೆಕಾಯಿಯ ಹದ ನಮ್ಮ ನಾಡಿನ ಹಳೆಯ ವಿದ್ಯೆ. ತೊಗಲು ಗಟ್ಟಿಯಾಗಿರುತ್ತದೆ, ಆದರೆ ಉಣ್ಣೆಗೂ ಕಂದು ಬಣ್ಣ ಹತ್ತುವುದರಿಂದ ಬಿಳಿ ನೆಲಹಾಸುಗಳಿಗೆ ಇದನ್ನು ಕಡಿಮೆ ಬಳಸುತ್ತಾರೆ. ಪಟಿಕದ ಹದ ಅಚ್ಚ ಬಿಳುಪು, ಮೃದು, ಅಗ್ಗ. ಆದರೆ ನೀರು ತಾಗಿದರೆ ಪಟಿಕ ಕರಗಿ ಹೊರಬರುತ್ತದೆ, ತೊಗಲು ಮತ್ತೆ ಹಸಿ ಚರ್ಮದ ಗುಣಕ್ಕೇ ಮರಳುತ್ತದೆ. ಪಟಿಕದ ಜೊತೆ ಉಪ್ಪನ್ನೂ ಹಾಕಿರುತ್ತಾರೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ನೀರೆಳೆದುಕೊಂಡು ಕರಗತೊಡಗುತ್ತದೆ; ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒಸರುವುದು ಇದಕ್ಕೇ. ತೊಗಲಿನೊಳಗೆ ಉಳಿದ ಉಪ್ಪೂ ಹಾಗೆಯೇ ಒಸರುತ್ತದೆ. ನೀರು ಚೆಲ್ಲದಿದ್ದರೂ ನಿಮ್ಮ ನೆಲಹಾಸು ಹಸಿಹಸಿಯಾದದ್ದಕ್ಕೆ ಇದೇ ಕಾರಣವಿರಬಹುದೆಂಬುದು ನನ್ನ ಬಲವಾದ ಅನುಮಾನ. ಬೆಂಗಳೂರಿನ ಫ್ಲ್ಯಾಟಿನಲ್ಲಿ ವರ್ಷಗಟ್ಟಲೆ ಬಾಳುವ ಪಟಿಕದ ತೊಗಲು ಕೊಡಗಿನಲ್ಲಿ ಒಂದು ಮಳೆಗಾಲ ದಾಟುವುದೂ ಕಷ್ಟ.

ಪರೀಕ್ಷೆ ಹೀಗೆ ಮಾಡಿ. ತೊಗಲಿನ ಅಂಚಿನಿಂದ, ಕಣ್ಣಿಗೆ ಬೀಳದ ಕಡೆ, ಕಿರುಬೆರಳ ಉಗುರಿನಷ್ಟು ಚೂರು ಕತ್ತರಿಸಿ ಉಣ್ಣೆ ಬೋಳಿಸಿ. ಕತ್ತರಿಸಿದ ಅಂಚನ್ನು ಹಗಲ ಬೆಳಕಿನಲ್ಲಿ ನೋಡಿ: ನೀಲಿ-ಬೂದು ಬಣ್ಣವಿದ್ದರೆ ಕ್ರೋಮ್, ಕಂದಾದರೆ ಚಕ್ಕೆ. ತಿಳಿ ಹಳದಿಯಾದರೆ ಬಹುಮಟ್ಟಿಗೆ ಗ್ಲುಟರಾಲ್ಡಿಹೈಡ್, ಹಾಲುಬಿಳುಪಾದರೆ ಪಟಿಕ. ಬಣ್ಣ ಹಾಕಿದ್ದರೆ ಇದು ಮೋಸ ಮಾಡಬಹುದು. ಆಗ ಎರಡು ಲೋಟ ಕುದಿಯುವ ನೀರಿಗೆ ಒಂದು ಲೋಟ ತಣ್ಣೀರು ಬೆರೆಸಿ, ಸುಮಾರು 70 ಡಿಗ್ರಿಯಾಗುತ್ತದೆ. ಚೂರನ್ನು ಅದರಲ್ಲಿ ಎರಡು ನಿಮಿಷ ಬಿಡಿ. ಪಟಿಕದ್ದು ಅಥವಾ ಸರಿಯಾಗಿ ಹದವಾಗದ್ದು ನಿಮ್ಮ ಕಣ್ಣೆದುರೇ ಸುರುಟಿ, ಕುಗ್ಗಿ, ಹಿಸುಕಿದರೆ ರಬ್ಬರಿನಂತಾಗುತ್ತದೆ. ಉಳಿದ ಮೂರು ಚಪ್ಪಟೆಯಾಗಿಯೇ ಇರುತ್ತವೆ. ಹೊಸದನ್ನು ಕೊಳ್ಳುವಾಗ ‘ಯಾವ ಹದ, ಎಷ್ಟು ಡಿಗ್ರಿ ನೀರಿನಲ್ಲಿ ಒಗೆಯಬಹುದು’ ಎಂದು ಬರಹದಲ್ಲೇ ಕೇಳಿ. ಉತ್ತರ ಕೊಡಲಾಗದವರಿಂದ ಕೊಳ್ಳಬೇಡಿ.

ಈಗಿರುವ ತೊಗಲುಗಳನ್ನು ಉಳಿಸಿಕೊಳ್ಳುವ ಬಗೆ. ಮಳೆ ಬಿಡುವು ಕೊಟ್ಟ ದಿನ ನೆಲದ್ದನ್ನು ಹೊರಗೆ, ಜಗಲಿಗೆ ತನ್ನಿ. ಒಳಗೆ ಕೊಡವಿದರೆ ಬೂಷ್ಟಿನ ಪುಡಿ ಹಾಸಿಗೆ, ಪರದೆಗಳಿಗೆಲ್ಲ ಹರಡುತ್ತದೆ. ಮಾಸ್ಕ್, ಕೈಗವಸು ಹಾಕಿ ತೊಗಲಿನ ಬೆನ್ನನ್ನು ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮಸಮ ಬೆರೆಸಿ, ಬಟ್ಟೆಯನ್ನು ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ತೊಗಲು ನೆನೆಯಬಾರದು, ಮೈ ಒದ್ದೆಯಾದರೆ ಸಾಕು. ಮೊದಲು ಒಂದು ಮೂಲೆಯಲ್ಲಿ ಪ್ರಯೋಗ ಮಾಡಿ, ಹತ್ತಿರ ಬೆಂಕಿ ಬೇಡ. ನಂತರ ಹಗ್ಗಕ್ಕೋ ಕುರ್ಚಿಯ ಬೆನ್ನಿಗೋ ಹಾಕಿ, ಎರಡೂ ಕಡೆ ಗಾಳಿ ತಾಗುವಂತೆ ಫ್ಯಾನಿನ ಕೆಳಗೆ ಎರಡು ಮೂರು ದಿನ ಬಿಡಿ. ಅರೆ ಒಣಗಿದಾಗ ನಾಲ್ಕೂ ಕಡೆ ಕೈಯಿಂದ ಹಿಗ್ಗಿಸದಿದ್ದರೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಬ್ಲೀಚಿಂಗ್ ದ್ರಾವಣ ಹಾಕಲೇಬೇಡಿ, ಅದು ಉಣ್ಣೆಯನ್ನೂ ತೊಗಲನ್ನೂ ತಿಂದುಹಾಕುತ್ತದೆ. ಅಡುಗೆ ಸೋಡಾ, ಎನ್ಜೈಮ್ ಇರುವ ಬಟ್ಟೆ ಪುಡಿಯೂ ಉಣ್ಣೆಗೆ ಒಳ್ಳೆಯದಲ್ಲ. ಒಗೆಯಬಲ್ಲ ಹದವೆಂದು ಖಾತ್ರಿಯಾದರೆ ಮಾತ್ರ 30 ಡಿಗ್ರಿ ಒಳಗಿನ ನೀರಿನಲ್ಲಿ ಈಜಿಯಂಥ ಉಣ್ಣೆಯ ಸೋಪು ಹಾಕಿ ಒಗೆಯಿರಿ.

ಬಿಸಿಲಿನ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ನಡುಹಗಲ ಉರಿಬಿಸಿಲಿಗೆ ಒದ್ದೆ ತೊಗಲನ್ನು ಹಾಕಿದರೆ, ಹೇರ್ ಡ್ರೈಯರ್ ಹಿಡಿದರೆ, ಫೈರ್‌ಪ್ಲೇಸ್ ಪಕ್ಕ ಇಟ್ಟರೆ ನಾರು ಸುರುಟಿಬಿಡುತ್ತದೆ. ಹಾಗೆ ಸುರುಟಿದ್ದನ್ನು ಯಾರೂ ಮತ್ತೆ ಸರಿಮಾಡಲಾರರು. ನೆರಳು ಮತ್ತು ಹರಿದಾಡುವ ಗಾಳಿ ಸಾಕು.

ಗೋಡೆಯ ತೊಗಲಿನಲ್ಲಿ ಕೂದಲು ಉದುರಿದ್ದಕ್ಕೆ ಎರಡು ಕಾರಣವಿರಬಹುದು, ಎರಡರ ಪರಿಹಾರವೂ ಬೇರೆ. ಬೋಳಾದ ಜಾಗದ ಅಂಚಿನಲ್ಲಿ ಒಂದು ಎಳೆಗೊಂಚಲನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಬುಡಸಮೇತ ಸಲೀಸಾಗಿ ಕಿತ್ತುಬಂದು ಕೆಳಗೆ ನುಣುಪಾದ ತೊಗಲು ಕಂಡರೆ ಅದು ಕೊಳೆತ. ಹದಕ್ಕೆ ಮೊದಲೇ ಉಪ್ಪು ಹಾಕುವುದು ತಡವಾಗಿ ಬ್ಯಾಕ್ಟೀರಿಯಾ ಕೂದಲ ಬುಡ ಸಡಿಲಿಸಿರುತ್ತದೆ, ಇಲ್ಲವೇ ಪಟಿಕ ಕರಗಿಹೋದ ಮೇಲೆ ಹಾಗಾಗಿರುತ್ತದೆ. ಇದಕ್ಕೆ ಮದ್ದಿಲ್ಲ, ಅದರ ಮೇಲೆ ಹಣ ಸುರಿಯಬೇಡಿ. ಗೊಂಚಲು ಗಟ್ಟಿಯಾಗಿದ್ದು, ಕೂದಲು ಕತ್ತರಿಸಿದಂತೆ ಗಿಡ್ಡವಾಗಿದ್ದು, ಬುಡದಲ್ಲಿ ರೇಷ್ಮೆಯಂಥ ಸಣ್ಣ ಗೂಡು, ಮರಳಿನಂಥ ಹಿಕ್ಕೆ ಕಂಡರೆ ಅದು ನುಸಿ. ಕಂದು ರೋಮದ ಹುಳು ಕಳಚಿದ ಪೊರೆ, ತೊಗಲಿನಲ್ಲೇ ತೂತು ಕಂಡರೆ ಚರ್ಮ ತಿನ್ನುವ ದುಂಬಿಯ ಮರಿ.

ಹುಳಕ್ಕೆ ಮನೆಯಲ್ಲಿ ಮಾಡಬಹುದಾದ ಅತ್ಯುತ್ತಮ ಉಪಾಯ ಡೀಪ್ ಫ್ರೀಜರ್. ಹಂದಿಮಾಂಸ ಇಡಲೆಂದು ಕೊಡಗಿನ ಎಷ್ಟೋ ಮನೆಗಳಲ್ಲಿ ಅದು ಇದ್ದೇ ಇದೆ. ಒಣಗಿದ ತೊಗಲನ್ನು ಉಣ್ಣೆ ಹೊರಗೆ ಬರುವಂತೆ ಸುತ್ತಿ, ಎರಡು ಪಾಲಿಥೀನ್ ಚೀಲದೊಳಗೆ ಹಾಕಿ, ಗಾಳಿ ಹೊರಡಿಸಿ ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ತೊಗಲಿನ ಮೇಲೆ ಗಾಳಿಯ ನೀರು ಕೂರುತ್ತದೆ. ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಬೂಷ್ಟು ಮಾತ್ರ ಇದರಿಂದ ಸಾಯುವುದಿಲ್ಲ.

ಅತ್ತೆಯವರು ಹೇಳುವ ನುಸಿಗುಳಿಗೆ ಕೆಲಸ ಮಾಡುವುದು ಗಾಳಿಯಾಡದ ಪೆಟ್ಟಿಗೆಯೊಳಗೆ ಮಾತ್ರ. ತೂಗುಹಾಕಿದ ತೊಗಲಿನ ಹಿಂದೆ ಎರಡು ಗುಳಿಗೆ ಸಿಕ್ಕಿಸಿದರೆ ನುಸಿಗೆ ಏನೂ ಆಗುವುದಿಲ್ಲ, ಮಲಗಿದ ಅತಿಥಿಗೆ ತಲೆನೋವು ಬರುತ್ತದೆ. ನ್ಯಾಫ್ತಲಿನ್ ಹಬೆ ಕೂಸುಗಳಿಗೆ ಅಪಾಯಕಾರಿ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಕರಿಮೆಣಸು, ಲವಂಗ, ಕರ್ಪೂರ ವಾಸನೆಗೆ ಚೆನ್ನ, ತೆರೆದ ಕೋಣೆಯಲ್ಲಿ ನುಸಿಯ ಮರಿಗಳನ್ನು ಕೊಲ್ಲುವ ಶಕ್ತಿ ಅವಕ್ಕಿಲ್ಲ.

ಒಲೆಯ ಮೇಲಿನ ಅಟ್ಟದ ಸಲಹೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಸೌದೆಯ ಹೊಗೆಯಲ್ಲಿ ಆಲ್ಡಿಹೈಡ್‌ಗಳೂ ಫೀನಾಲ್‌ಗಳೂ ಇವೆ. ಆಲ್ಡಿಹೈಡ್ ತೊಗಲನ್ನು ತಾನೇ ಹದ ಮಾಡುತ್ತದೆ, ಫೀನಾಲ್ ಬೂಷ್ಟನ್ನು ತಡೆಯುತ್ತದೆ. ಮನೆಯಲ್ಲಿ ಅತ್ಯಂತ ಒಣ ಜಾಗವೂ ಅದೇ. ಹಿರಿಯರು ತೊಗಲಿನ ವಸ್ತುಗಳನ್ನು ಅಲ್ಲಿಟ್ಟು ಕಾಪಾಡಿದ್ದಕ್ಕೆ ಗಟ್ಟಿ ಕಾರಣವಿತ್ತು. ಆದರೆ ಬಿಳಿ ಉಣ್ಣೆ ತಿಂಗಳೊಳಗೆ ಕಾವಿ ಬಣ್ಣಕ್ಕೆ ತಿರುಗುತ್ತದೆ, ಹೊಗೆವಾಸನೆ ಬಿಡುವುದಿಲ್ಲ. ಕಂದು ಬಣ್ಣದ ತೊಗಲಿದ್ದರೆ, ನಿಮ್ಮ ಕೋಣೆಗೆ ಆ ವಾಸನೆ ಒಗ್ಗುವುದಾದರೆ, ಧಾರಾಳವಾಗಿ ಇಡಿ.

ಇನ್ನು ಮನೆಯಲ್ಲೇ ಹದ ಮಾಡುವ ಯೋಚನೆ. ಇಲ್ಲಿ ಮೊದಲ ನಿರಾಸೆ ಕುರಿಯದ್ದೇ. ಮಂಡ್ಯ, ಮೈಸೂರು ಕಡೆಯಿಂದ ಮಾಂಸಕ್ಕೆ ಬರುವ ಬಂಡೂರು ತಳಿಯ ಕುರಿಗೆ ಮೈಮೇಲೆ ಗಿಡ್ಡ ಒರಟು ಕೂದಲಿದೆ. ನೀವು ಆನ್‌ಲೈನಿನಲ್ಲಿ ನೋಡಿದ ಐದಾರು ಸೆಂಟಿಮೀಟರ್ ದಪ್ಪದ ಮೆರಿನೊ ಉಣ್ಣೆ ಅದರಿಂದ ಬರುವುದಿಲ್ಲ. ಮಾಡಿಯೇ ನೋಡಬೇಕೆಂದರೆ ಕ್ರಮ ಹೀಗಿದೆ. ಕುರಿ ಕಡಿದ ಎರಡು ಮೂರು ಗಂಟೆಯೊಳಗೆ ತೊಗಲಿನ ಒಳಮೈಗೆ ಅದರ ತೂಕದ ಅರ್ಧದಷ್ಟು ಪುಡಿ ಉಪ್ಪನ್ನು ಅಂಚಿನವರೆಗೂ ತಿಕ್ಕಿ, ಇಳಿಜಾರಿನಲ್ಲಿ ಹರಡಿ ನೀರು ಬಸಿಯಲು ಬಿಡಬೇಕು. ಮರುದಿನ ಹಳೆಯ ಉಪ್ಪು ಉದುರಿಸಿ ಮತ್ತೆ ಹೊಸದು. ಆಮೇಲೆ ತೊಳೆದು, ಮಾಂಸ ಮತ್ತು ಕೊಬ್ಬಿನ ಪೊರೆಯನ್ನು ಮೊಂಡು ಕತ್ತಿಯಿಂದ ಪೂರ್ತಿ ಕೆರೆದು, ಸೋಪಿನ ನೀರಿನಲ್ಲಿ ಜಿಡ್ಡು ತೆಗೆಯಬೇಕು. ಕೊಬ್ಬು ಉಳಿದರೆ ಅಲ್ಲಿಗೆ ಹದ ಇಳಿಯದು, ಮುಂದೆ ಕಮಟು ವಾಸನೆ ಖಂಡಿತ. ಹತ್ತು ಲೀಟರ್ ದ್ರಾವಣಕ್ಕೆ 800 ಗ್ರಾಂ ಪಟಿಕ, 400 ಗ್ರಾಂ ಉಪ್ಪು, 200 ಗ್ರಾಂ ವಾಷಿಂಗ್ ಸೋಡಾ ಹರಳು. ಸೋಡಾ-ಉಪ್ಪಿನ ನೀರನ್ನು ಪಟಿಕದ ನೀರಿಗೆ ಸಣ್ಣ ಧಾರೆಯಾಗಿ ಕದಡುತ್ತಾ ಸೇರಿಸಬೇಕು, ಒಮ್ಮೆಲೇ ಸುರಿದರೆ ನೊರೆ ಉಕ್ಕುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡರಿಂದ ಐದು ದಿನ, ದಿನಕ್ಕೆ ನಾಲ್ಕಾರು ಬಾರಿ ತಿರುವುತ್ತಾ. ಕೊನೆಗೆ ಒಳಮೈಗೆ ಎಣ್ಣೆ ತಿಕ್ಕಿ, ಒಣಗುತ್ತಿರುವಾಗಲೇ ಮರದ ಅಂಚಿಗೆ ಎಳೆದೆಳೆದು ಮೃದು ಮಾಡಬೇಕು. ಇಷ್ಟೆಲ್ಲ ಮಾಡಿ ಸಿಗುವುದು ಪಟಿಕದ ಹದದ ತೊಗಲೇ, ಅಂದರೆ ಕೊಡಗಿಗೆ ಹೊಂದದ ಹದ. ಬೇಸಿಗೆಯ ಹವ್ಯಾಸಕ್ಕೆ ಸರಿ, ಹೋಂಸ್ಟೇ ನೆಲಕ್ಕೆ ಬೇಡ. ಕ್ರೋಮ್ ಹದವನ್ನು ತೋಟದಲ್ಲಿ ಮಾಡುವ ಸಾಹಸ ಯಾರೂ ಮಾಡಬಾರದು, ನಿಮ್ಮ ತೋಡಿನ ನೀರು ಹೋಗಿ ಸೇರುವುದು ಕಾವೇರಿಗೆ. ಹಾಗೆಯೇ ಕಾರಣ ತಿಳಿಯದೆ ಸತ್ತ ಕುರಿ, ಹಸುವಿನ ಚರ್ಮವನ್ನು ಮುಟ್ಟಬೇಡಿ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಚರ್ಮ ಸುಲಿಯುವವರಿಗೆ ಅಂಟುವ ಕಾಯಿಲೆ.

ನಕಲಿ ಫರ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಮಳೆಗಾಲಕ್ಕೆ ಅದು ಅಸಲಿಗಿಂತ ಸುಲಭ, ಬೆಂಕಿಯ ಹತ್ತಿರ ಅಸಲಿಗಿಂತ ಅಪಾಯ. ಉಣ್ಣೆಗೆ ಕಿಡಿ ಬಿದ್ದರೆ ಕಮರಿ ಆರುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಂಡು ಉರಿಯುತ್ತವೆ. ಕೊಂಡದ್ದು ಯಾವುದೆಂದು ಅನುಮಾನವಿದ್ದರೆ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ ಬಂದರೆ ಉಣ್ಣೆ, ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್. ಮಿಂಕ್, ನರಿ, ಚಿಂಚಿಲ್ಲಾ ತುಪ್ಪಟವನ್ನು ವಿದೇಶದಿಂದ ತರಿಸುವ ಆಸೆ ಬೇಡ, 2017ರ ಜನವರಿಯಲ್ಲೇ ಅವುಗಳ ಆಮದನ್ನು ನಿಷೇಧಿಸಲಾಗಿದೆ.

ನಿಮ್ಮ ಎರಡು ಕೋಣೆಗೆ ನಾನಾದರೆ ಹೀಗೆ ಮಾಡುತ್ತೇನೆ. ನೆಲಕ್ಕೆ ತೊಗಲು ಹಾಸುವುದಿಲ್ಲ. ಒಗೆಯಬಲ್ಲ ಹದದ ಒಂದೇ ಒಂದು ಒಳ್ಳೆಯ ಕುರಿತೊಗಲನ್ನು, ಸುಮಾರು 90 ಸೆಂಟಿಮೀಟರ್ ಉದ್ದದ್ದು, ಬೆತ್ತದ ಕುರ್ಚಿಯ ಮೇಲೆ ಹಾಕುತ್ತೇನೆ. ಬೆತ್ತದ ಕಣ್ಣುಗಳಿಂದ ಅಡಿಗೂ ಗಾಳಿ ಸಿಗುತ್ತದೆ, ಜನ ಕೂತೆದ್ದು ಅಲುಗುವ ಕಡೆ ನುಸಿ ನೆಲೆ ನಿಲ್ಲುವುದಿಲ್ಲ. ಗೋಡೆಗೆ ಹಾಕಲೇಬೇಕೆಂದರೆ ಕೋಣೆ-ಕೋಣೆಯ ನಡುವಿನ ಒಳಗೋಡೆ ಆರಿಸಿ, ಎರಡು ಮೂರು ಸೆಂಟಿಮೀಟರ್ ದಪ್ಪದ ರೀಪರ್ ಪಟ್ಟಿ ಹೊಡೆದು, ಅದರ ಮೇಲೆ ಹಿತ್ತಾಳೆ ಇಲ್ಲವೇ ಸ್ಟೀಲ್ ಕೊಕ್ಕೆಯಲ್ಲಿ ತೂಗುಹಾಕಿ. ಬೆಂಕಿಯಿಂದ ಒಂದೂವರೆ ಮೀಟರ್ ದೂರ ಇರಲಿ. ಊಟದ ಮೇಜಿನ ಸುತ್ತ ಬೇಡ, ತೊಗಲಿನ ಮೇಲೆ ಕೂತು ಉಣ್ಣಲು ಒಪ್ಪದ ಅತಿಥಿಗಳು ಬಹಳ ಜನ ಇದ್ದಾರೆ.

ಗಾಳಿಯ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಹೈಗ್ರೊಮೀಟರ್ ಒಂದನ್ನು ಕುರ್ಚಿಯ ಹತ್ತಿರ ಇಡಿ. ಅದು 65 ದಾಟಿ ಇಳಿಯದಿದ್ದರೆ ತೊಗಲನ್ನು ಎತ್ತಿಡುವ ಕಾಲ ಬಂತೆಂದು ಅರ್ಥ. ಮೇ ಮೊದಲ ವಾರಗಳ ಒಣ ದಿನ ನೋಡಿ ಬ್ರಷ್ ಮಾಡಿ, ಒಣಗಿಸಿ, ಮಡಚದೆ ಉಣ್ಣೆ ಹೊರಗಾಗಿ ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ 50 ಲೀಟರ್ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಅರ್ಧ ಕಿಲೋ ಹಾಕಿ ಇಡಿ. ಪೂರ್ತಿ ಒಣಗದ ತೊಗಲನ್ನು ಹೀಗೆ ಮುಚ್ಚಿಟ್ಟರೆ ಒಳಗೇ ಕೊಳೆಯುತ್ತದೆ, ಅದೊಂದು ಎಚ್ಚರ ಬೇಕು. ಜೆಲ್ ಬಣ್ಣ ಬದಲಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಒಣಗಿಸಿ ಮತ್ತೆ ಹಾಕಿ. ಪುತ್ತರಿ ಸುಗ್ಗಿಹಬ್ಬದ (ನವೆಂಬರ್–ಡಿಸೆಂಬರ್) ಹೊತ್ತಿಗೆ ಹೊರಗೆ ತೆಗೆಯಬಹುದು. ಮಳೆಗಾಲದ ಅತಿಥಿಗಳಿಗೂ ತೊಗಲು ಇರಲೇಬೇಕೆಂದರೆ ದಿನಕ್ಕೆ 20 ಲೀಟರ್ ನೀರೆಳೆಯುವ ಡಿಹ್ಯುಮಿಡಿಫೈಯರ್ ಬೇಕು. ಕಿಟಕಿ ಮುಚ್ಚಿ ಶೇ. 55ಕ್ಕೆ ನಿಲ್ಲಿಸಬೇಕು. ಕರೆಂಟು ಎರಡು ಮೂರು ದಿನ ಹೋಗುವ ನಿಮ್ಮ ಕಡೆ ಅದರ ಮೇಲೊಂದೇ ನೆಚ್ಚಿಕೊಳ್ಳುವಂತಿಲ್ಲ.

ನೆಲಕ್ಕೆ ಕುಶಾಲನಗರದಾಚೆ ಬೈಲುಕುಪ್ಪೆಯ ಟಿಬೆಟನ್ ನೇಕಾರರ ಉಣ್ಣೆ ಗಾಲೀಚೆ, ಮಂಚದ ಕಾಲ್ದೆಸೆಗೆ ಚಳ್ಳಕೆರೆಯ ಕುರಿ ಕಂಬಳಿ. ಎರಡರಲ್ಲೂ ಕುರಿಯ ಉಣ್ಣೆಯ ಒರಟು ಚೆಲುವಿದೆ, ತೊಗಲಿಲ್ಲ, ಹಾಗಾಗಿ ಎರಡೂ ಮೈಯಿಂದ ಒಣಗುತ್ತವೆ. ಗಾಲೀಚೆಯನ್ನೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಅಡಿಗೆ ಗಾಳಿ ತಾಗಿಸಿ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಆ ಗಂಜಿಯೇ ಬೂಷ್ಟಿಗೆ ಆಹಾರ, ಆದ್ದರಿಂದ ಬೇಸಿಗೆಯಲ್ಲೇ ಎರಡು ಬಾರಿ ತಣ್ಣೀರಿನಲ್ಲಿ ನೆನೆಸಿ, ಗಂಜಿ ಬಿಟ್ಟು ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಲ್ಲಿ ಒಣಗಿಸಿಕೊಂಡೇ ಬಳಸಲು ತೆಗೆಯಿರಿ.